ಗಾಜಿನ ಕೆಳಗೆ ರೋಮನ್ ಕಾಲ, ಮೇಲೆ ಭಾವನ ಹೆಬ್ಬೆರಳು

ಅಲ್ ಕುಸೈಸ್: ರಾಯಭಾರಿ ಬಂದಿಳಿದದ್ದು

ದುಬೈಗೆ ಹೋಗಿ ಬಂದವರು ತಲೆಯನ್ನು ಹಿಂದಕ್ಕೆ ಬಾಗಿಸಿ ಅಲ್ಲಿಯ ಕಟ್ಟಡಗಳ ಎತ್ತರ ವರ್ಣಿಸುವುದನ್ನು ನೀವು ಕೇಳಿರುತ್ತೀರಿ. ನನ್ನಿಂದ ಅದನ್ನು ನಿರೀಕ್ಷಿಸಬೇಡಿ. ನಾನು ಆ ದೇಶದಲ್ಲಿ ಇದ್ದಷ್ಟು ದಿನವೂ ಹೆಚ್ಚಾಗಿ ನೋಡಿದ್ದು ನೆಲವನ್ನು. ಹೋದದ್ದೂ ನೆಲದ ಕೆಳಗಿನ ಒಂದು ವಿಷಯಕ್ಕೆ. ಅದು ನಮ್ಮೂರಿನ ಒಂದು ಬಾವಿ.

ಪಡುಬಿದ್ರಿ ಹತ್ತಿರ ಅಮ್ಮನ ಪಾಲಿಗೆ ಬಂದ ಜಾಗದಲ್ಲಿ ನನ್ನ ಅಕ್ಕ ಶಶಿಕಲಾ ಮತ್ತು ಭಾವ ಸದಾಶಿವ ಮನೆ ಕಟ್ಟಿಸುತ್ತಿದ್ದಾರೆ. ಜಾಗ ಅಮ್ಮನದು, ಖರ್ಚು ಭಾವನದು, ಬಿಸಿಲಲ್ಲಿ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಕೆಲಸ ನನ್ನದು. ನಾನು ಊರಿನ ಸೊಸೈಟಿಯಲ್ಲಿ ಕ್ಯಾಶಿಯರ್. ಭಾವ ದುಬೈಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ ಗಾಜು ಕೂರಿಸುವ ಕಂಪೆನಿಯೊಂದರ ಸೂಪರ್‌ವೈಸರ್. ದಿನಾ ಬೆಳಿಗ್ಗೆ ವೀಡಿಯೊ ಕಾಲ್ ಮಾಡಿ, "ಸುರೇಶ, ಕ್ಯಾಮರಾ ಸ್ವಲ್ಪ ಎಡಕ್ಕೆ ಹಿಡಿ ಮಾರಾಯ, ನಿನ್ನ ಮೂಗು ಬೇಡ ನನಗೆ, ಪಾಯ ತೋರಿಸು" ಎನ್ನುವುದು ಅವರ ಕ್ರಮ. ಒಂದು ದಿನ ಹಾಗೆ ಪಾಯ ತೋರಿಸುತ್ತಿದ್ದಾಗಲೇ, ಸರಿಯಾಗಿ ಹಾಲ್ ಬರಬೇಕಾದ ಜಾಗದಲ್ಲಿ, ಕೆಂಪುಕಲ್ಲಿನ ಉರುಟು ಕಟ್ಟೆಯೊಂದು ಮಣ್ಣಿನೊಳಗಿಂದ ತಲೆ ಎತ್ತಿತು. ಯಾವ ಕಾಲದ್ದೋ ಬಾವಿ. ಯಾರೋ ಮಣ್ಣು ತುಂಬಿ ಮುಚ್ಚಿದ್ದರು. ಆಳು ಇಳಿಸಿ ತೆಗೆಸುತ್ತಾ ಹೋದಂತೆ ಮೊದಲು ಕೆಸರು, ಆಮೇಲೆ ಅದರ ಮೇಲೆ ತೆಳ್ಳಗೆ ನೀರು.

ಭಾವ ಫೋನಿನಲ್ಲೇ ತೀರ್ಪು ಕೊಟ್ಟರು. "ಅತ್ತೆಗೆ ಹೇಳು, ಬಾವಿ ಮುಚ್ಚುವುದು ನಾನಲ್ಲ. ಅದು ಮುಚ್ಚಿಯೇ ಇತ್ತು. ನಾನು ಮೇಲಿಂದ ಟೈಲ್ಸ್ ಹಾಕುವುದು ಮಾತ್ರ. ನೀರಿಗೆ ಬೋರ್ ಹಾಕಿಸುವ. ಖಲಾಸ್!"

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. "ಅವರಿಗೆ ಹೇಳು, ಆಚೆಮನೆಯ ಬೋರಿನ ನೀರು ಬಾಯಿಗೆ ಹಾಕಿದ್ರೆ ಸಮುದ್ರದ ನೆನಪಾಗ್ತದೆ. ಯಾರೋ ಪುಣ್ಯಾತ್ಮರು ತೋಡಿದ ಬಾವಿ ಇದು. ಹತ್ತು ಜನ ಕುಡಿದ ನೀರಿನ ಬಾಯಿಗೆ ಮಣ್ಣು ಹಾಕ್ಲಿಕ್ಕೆ ನಾನು ಬಿಡುವುದಿಲ್ಲ."

ಮೇಸ್ತ್ರಿ, "ನೀರು ಕಂಡ ಬಾವಿಗೆ ಮಣ್ಣು ಹಾಕುವವ ನಾನಲ್ಲ, ನಿಮ್ಮೊಳಗೆ ತೀರ್ಮಾನ ಮಾಡಿ ಹೇಳಿ" ಎಂದು ಹಾರೆ ಪಿಕ್ಕಾಸು ಎತ್ತಿಕೊಂಡು ಹೋದ. ಅಲ್ಲಿಗೆ ಮನೆಯ ಕೆಲಸ ನಿಂತಿತು. ಮಳೆಗಾಲದ ಮೊದಲು ಪಾಯ ಮುಗಿಯದಿದ್ದರೆ ಒಂದು ವರ್ಷ ಹೋದಂತೆಯೇ. ಮನೆಯಾದರೆ ಗಲ್ಫ್ ಬಿಟ್ಟು ಬರಬಹುದೆಂದು ಕಾಯುತ್ತಿದ್ದ ಅಕ್ಕ ಫೋನಿನಲ್ಲಿ ಅತ್ತಳು.

ನಮ್ಮ ಕಡೆ ಅತ್ತೆ ಅಳಿಯ ಹೇಗೂ ಅಳೆದು ತೂಗಿಯೇ ಮಾತಾಡುವುದು. ಹಾಗಾಗಿ ಆ ದಿನದಿಂದ ಇವರಿಬ್ಬರೂ ನೇರ ಮಾತು ಬಿಟ್ಟದ್ದು ಹೊರಗಿನವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನನಗೊಬ್ಬನಿಗೆ, ಏಕೆಂದರೆ ಮಾತೆಲ್ಲ ನನ್ನ ಮೂಲಕ ಹೋಗಿ ಬರತೊಡಗಿತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅಕ್ಕ, "ಅಮ್ಮನನ್ನು ಕರಕೊಂಡು ಒಮ್ಮೆ ಇಲ್ಲಿಗೆ ಬಾ. ಎದುರೆದುರು ಕೂತರೆ ಸರಿಯಾಗ್ತದೆ" ಎಂದು ಟಿಕೆಟ್ ಕಳಿಸಿದಳು.

ಎದುರೆದುರು ಕೂತರು, ನಿಜ. ಅಲ್ ಕುಸೈಸ್‌ನ ಫ್ಲಾಟಿನಲ್ಲಿ ಊಟದ ಮೇಜು ಚಿಕ್ಕದು. ಒಬ್ಬರ ಬಟ್ಟಲಿಂದ ಇನ್ನೊಬ್ಬರ ಬಟ್ಟಲಿಗೆ ಒಂದು ಗೇಣು. "ಸುರೇಶ, ಅತ್ತೆಗೆ ಇನ್ನೊಂದು ಮೀನಿನ ತುಂಡು ಬೇಕಾ ಕೇಳು" ಎಂದು ಭಾವ. "ಸಾಕು ಅಂತ ಹೇಳು. ಮೀನು ಒಳ್ಳೇದುಂಟು ಅಂತಲೂ ಹೇಳು" ಎಂದು ಅಮ್ಮ. ನಡುವೆ ಕೂತ ನನ್ನ ಅನ್ನ ಆರಿ ತಣ್ಣಗಾಯಿತು.

ಬರ್ ದುಬೈ: ಬೆನ್ನಿಗೆ ಬೆನ್ನು

ಮರುದಿನ ಭಾವ ನಮ್ಮನ್ನು ಮೆಟ್ರೊದಲ್ಲಿ ಬರ್ ದುಬೈಗೆ ಕರೆದುಕೊಂಡು ಹೋದರು. ಮೆಟ್ರೊ ಹತ್ತುವಾಗಲೇ ನನ್ನ ಮಾನ ಹೋಯಿತು. ಅಮ್ಮ ಒಂದು ಬೋಗಿಗೆ ನುಗ್ಗಿ, ಸೀಟು ಹಿಡಿದು, ಪಕ್ಕದ ಜಾಗದ ಮೇಲೆ ಕೈ ಬಡಿದು, "ಸುರೇಶಾ, ಬಾ, ಇಲ್ಲಿ ಉಂಟು" ಎಂದು ಕರೆದಳು. ನಾನು ಹೋಗಿ ಕೂತೆ. ಎದುರಿಗಿದ್ದ ಫಿಲಿಪಿನೊ ಹೆಣ್ಣುಮಗಳು ನಗುತ್ತಾ ನೆಲ ತೋರಿಸಿದಳು. ಗುಲಾಬಿ ಬಣ್ಣದ ಗೆರೆ. ಗೆರೆಯ ಈಚೆ ಹೆಂಗಸರು, ಮಕ್ಕಳು. ಗೆರೆಯ ಆಚೆಯಿಂದ ಭಾವ ನನ್ನನ್ನೊಮ್ಮೆ ನೋಡಿ, ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿದರು. ಊರಿನ ಬಸ್ಸಿನಲ್ಲಾದರೆ ಕಂಡಕ್ಟರ್ ನಾಲ್ಕು ಬೈಗಳಲ್ಲಿ ಮುಗಿಸುತ್ತಿದ್ದ. ಇಲ್ಲಿ ಯಾರೂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಬರ್ ದುಬೈಯಲ್ಲಿ, ಊರಿನೊಳಗೆ ಚಾಚಿದ ಸಮುದ್ರದ ಖಾರಿಯನ್ನು ದಾಟಿಸುವ ಮರದ ದೋಣಿಗೆ ಅಬ್ರಾ ಎನ್ನುತ್ತಾರೆ. ಅದರ ನಡುವೆ ಉದ್ದಕ್ಕೂ ಒಂದು ಹಲಗೆ. ಜನ ಅದರ ಎರಡೂ ಬದಿಗೆ ನೀರಿನ ಕಡೆ ಮುಖ ಹಾಕಿ ಕೂರುತ್ತಾರೆ, ಬೆನ್ನಿಗೆ ಬೆನ್ನು. ನಮ್ಮ ಮನೆಯ ಪರಿಸ್ಥಿತಿ ತಿಳಿದೇ ಯಾರೋ ಈ ದೋಣಿಯನ್ನು ಮಾಡಿಸಿದ್ದಾರೆ ಅನಿಸಿತು. ಅಮ್ಮ ಒಂದು ಬದಿ, ಸರಿಯಾಗಿ ಅವಳ ಬೆನ್ನ ಹಿಂದೆ ಭಾವ. ನಾನು ಹಲಗೆಯ ಕೊನೆಯಲ್ಲಿ ಎರಡೂ ಕಡೆಗೆ ಕುತ್ತಿಗೆ ತಿರುಗಿಸುತ್ತಾ ಕೂತೆ.

"ಅವರ ಹತ್ರ ಕೇಳು, ಈ ನೀರು ಉಪ್ಪಾ?"

"ಉಪ್ಪು ಅಂತ ಹೇಳು."

"ಹಾಗಾದ್ರೆ ಇಲ್ಲಿಯವರು ಕುಡಿಯುವುದೆಂತ?"

"ಸಮುದ್ರದ ನೀರನ್ನೇ ಮೆಷಿನಿಗೆ ಹಾಕಿ ಉಪ್ಪು ತೆಗೀತಾರೆ ಅಂತ ಹೇಳು."

"ನೋಡು ಅಂತ ಹೇಳು. ಇಲ್ಲಿ ಒಂದು ಲೋಟ ನೀರಿಗೆ ಇಷ್ಟು ಒದ್ದಾಟ. ಅಲ್ಲಿ ಭೂಮಿತಾಯಿ ಕೊಟ್ಟದ್ದಕ್ಕೆ ಟೈಲ್ಸ್!"

ನನ್ನ ಪಕ್ಕದಲ್ಲಿ ಕೂತಿದ್ದ ಗಡ್ಡದ ಪಠಾಣರೊಬ್ಬರು ಅಷ್ಟು ಹೊತ್ತಿನಿಂದ ನಮ್ಮನ್ನೇ ಗಮನಿಸುತ್ತಿದ್ದರು. ಕಡೆಗೆ ತಡೆಯಲಾರದೆ ಹಿಂದಿಯಲ್ಲಿ ಕೇಳಿದರು, ಇವರಿಬ್ಬರದು ಬೇರೆ ಬೇರೆ ಭಾಷೆಯೇ ಎಂದು. ಇಲ್ಲ, ಒಂದೇ, ಎಂದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಜಾಗದ ತಕರಾರು" ಎಂದು ತಲೆಯಾಡಿಸಿ ನನ್ನ ಭುಜ ತಟ್ಟಿದರು. ಇಳಿಯುವಾಗ ಅಮ್ಮನ ಕೈ ಹಿಡಿದು ಮೆಟ್ಟಿಲು ದಾಟಿಸಿದವರೂ ಅವರೇ.

ಹೆದ್ದಾರಿ

ಶುಕ್ರವಾರ ಸಂಜೆ ಅಕ್ಕ ಇದ್ದಕ್ಕಿದ್ದಂತೆ, "ನಾಳೆ ಎಲ್ಲರೂ ಅಬುಧಾಬಿ ಕಡೆಗೆ. ಪ್ರಾಪ್ತಿಗೆ ಶಾಲೆಯ ಪ್ರಾಜೆಕ್ಟ್‌ಗೆ ಮ್ಯೂಸಿಯಂ ನೋಡ್ಲಿಕ್ಕುಂಟು" ಎಂದಳು. ಪ್ರಾಪ್ತಿ ಅವಳ ಮಗಳು, ಆರನೆಯ ತರಗತಿ. ನಾವು ತುಳುವಿನಲ್ಲಿ ಕೇಳಿದ್ದಕ್ಕೂ ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಭಾವ, "ಹಳೇ ಕಲ್ಲು ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಮಾಲ್‌ಗೆ ಹೋಗುವ" ಎಂದು ಗೊಣಗಿದರು. ಅಕ್ಕ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಯ ಹೆದ್ದಾರಿಯ ಬಗ್ಗೆ ಹೇಳಲು ಏನೂ ಇಲ್ಲ, ಏಕೆಂದರೆ ಹೊಂಡವೂ ಇಲ್ಲ, ತಿರುವೂ ಇಲ್ಲ. ಪಡುಬಿದ್ರಿಯಿಂದ ಮಂಗಳೂರಿಗೆ ಹೋಗುವಾಗ ಡ್ರೈವರ್ ನಿದ್ದೆ ಹೋಗುವಂತಿಲ್ಲ. ಇಲ್ಲಿ ನಿದ್ದೆ ಬಾರದಿರುವುದೇ ಸಾಹಸ. ಭಾವನ ಕಾರು ವೇಗ ಮಿತಿ ಮೀರಿದೊಡನೆ ಟಿಂಗ್ ಟಿಂಗ್ ಎನ್ನುತ್ತದೆ. ಭಾವ ಅದಕ್ಕೆ ಕಿವಿಗೊಡುವುದಿಲ್ಲ. ಹಿಂದಿನ ಸೀಟಿನಿಂದ ಅಮ್ಮ, "ಸುರೇಶ, ಆ ಗಂಟೆ ಎಂಥದ್ದು?" ಎಂದು ಕೇಳಿದಳು. ಹೇಳಿದೆ. "ಪಾಪ, ಕಾರು ಹೇಳಿದ್ದನ್ನೂ ಕೇಳುವುದಿಲ್ಲವಾ ಅಂತ ಕೇಳು" ಎಂದಳು. ನಾನು ಕೇಳಬೇಕಾಗಲಿಲ್ಲ. ಕಾರು ನಿಧಾನವಾಯಿತು.

ಮ್ಯೂಸಿಯಂ

ಮ್ಯೂಸಿಯಮ್ಮಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಸಿಬ್ಬಂದಿಗೆ ನಮ್ಮಿಂದ ಆದ ಉಪದ್ರ ಅಷ್ಟೇ ಸಾಕು. ಒಳಗೆ ಹೋದರೆ ತಂಪು, ಮಬ್ಬು ಬೆಳಕು, ದೊಡ್ಡ ಹಜಾರ. ನಡುವೆ ನೆಲವೇ ಗಾಜು. ಗಾಜಿನ ಕೆಳಗೆ ದೀಪ ಹಾಕಿದ್ದಾರೆ. ಬಗ್ಗಿ ನೋಡಿದರೆ ಕಲ್ಲಿನ ಉರುಟು ಗೋಡೆಯ ಒಂದು ಸಮಾಧಿ, ಅದರ ಪಕ್ಕದಲ್ಲಿ ಹರಿದು ಹೋಗುತ್ತಿದ್ದ ಕಾಲುವೆಯೊಂದರ ಒಣ ಗುರುತು. ಎಲ್ಲವೂ ರೋಮ್ ದೇಶವನ್ನು ಚಕ್ರವರ್ತಿಗಳು ಆಳುತ್ತಿದ್ದ ಕಾಲದ್ದು. ಆಗ ಈ ಮರಳಿನಲ್ಲಿ ಬಾಳಿದವರಿಗೂ ರೋಮಿಗೂ ವ್ಯಾಪಾರವಿತ್ತಂತೆ.

ಪ್ರಾಪ್ತಿ ಗೋಡೆಯ ಫಲಕ ಓದಿ ಕೂಗಿದಳು, "ಅಜ್ಜೀ! ದೇ ವರ್ ಡಿಗ್ಗಿಂಗ್ ದ ಫೌಂಡೇಶನ್ ಅಂಡ್ ದೇ ಫೌಂಡ್ ದಿಸ್!"

"ಎಂತಂತೆ?" ಎಂದು ಅಮ್ಮ.

ನಾನು ಗಂಟಲು ಸರಿಮಾಡಿಕೊಂಡೆ. "ಹೊಸ ಕಟ್ಟಡಕ್ಕೆ ಪಾಯ ಅಗೆಯುವಾಗ ಸಿಕ್ಕಿದ್ದಂತೆ ಅಮ್ಮ. ಮುಚ್ಚದೆ, ಅದಕ್ಕೆ ಏನೂ ಆಗದ ಹಾಗೆ ಕಂಬ ಕೊಟ್ಟು ಮೇಲಿಂದ ಕಟ್ಟಿದ್ದಂತೆ."

ಅಮ್ಮ ಗಾಜಿನಿಂದ ಕಣ್ಣೆತ್ತಿ ಭಾವನನ್ನು ನೋಡಿದಳು. ಭಾವ ನಿಧಾನವಾಗಿ ಅಕ್ಕನ ಕಡೆ ತಿರುಗಿ, "ನಿನಗೆ ಮೊದಲೇ ಗೊತ್ತಿತ್ತಾ ಇದು?" ಎಂದರು. ಅಕ್ಕ ಚಾವಣಿಯ ಕೆತ್ತನೆ ನೋಡುತ್ತಾ ನಿಂತಳು. ಆ ಚಾವಣಿಗೆ ಕೆತ್ತನೆಯೇ ಇರಲಿಲ್ಲ.

ಆಗ ಅಮ್ಮ ಗಾಜಿನ ಅಂಚಿನಲ್ಲಿ ನಿಂತು ಚಪ್ಪಲಿ ಕಳಚಿದಳು. ಕೆಳಗೆ ಯಾರೋ ಹಿರಿಯರು ಮಲಗಿದ್ದಾರೆ, ಪಕ್ಕದಲ್ಲಿ ನೀರು ಹರಿದ ಜಾಗ, ಅದರ ಮೇಲೆ ಚಪ್ಪಲಿ ಕಾಲಿಡುವುದುಂಟೇ? ಅವಳು ಕಳಚಿದ ಮೇಲೆ ಅಕ್ಕ ಕಳಚಿದಳು. ಅಕ್ಕನ ಹಿಂದೆ ನಾನು, ಪ್ರಾಪ್ತಿ. ನಾಲ್ಕು ಜೊತೆ ಸಾಲಾಗಿ ಬಿದ್ದವು. ಅಮ್ಮ ಅವನ್ನು ಕಾಲಿನಲ್ಲೇ ತಳ್ಳಿ ಮದುವೆ ಮನೆಯ ಜಗಲಿಯ ಹಾಗೆ ನೇರ ಮಾಡಿದಳು.

ಇಷ್ಟೇ ನಾವು ಮಾಡಿದ್ದು. ಮುಂದಿನದಕ್ಕೆ ನಾವು ಜವಾಬ್ದಾರರಲ್ಲ. ನಮ್ಮ ಹಿಂದೆಯೇ ಬಂದದ್ದು ಯುರೋಪಿನ ಯಾವುದೋ ದೇಶದ ಹಿರಿಯರ ಒಂದು ತಂಡ. ಎಲ್ಲರ ತಲೆಯೂ ಬೆಳ್ಳಗೆ, ಎಲ್ಲರ ಕಾಲಲ್ಲೂ ಬೆಟ್ಟ ಹತ್ತುವಂಥ ಶೂ. ಮುಂದಿದ್ದ ಅಜ್ಜ ನಮ್ಮ ಚಪ್ಪಲಿ ಸಾಲು ನೋಡಿದರು, ಬರಿಗಾಲಿನ ಅಮ್ಮನನ್ನು ನೋಡಿದರು, ಪಕ್ಕದವರಿಗೆ ಏನೋ ಪಿಸುಗುಟ್ಟಿದರು. ಪಿಸುಮಾತು ಹಿಂದಕ್ಕೆ ಹೋಯಿತು. ನೋಡನೋಡುತ್ತಾ ಅವರೆಲ್ಲ ಒಬ್ಬರ ಭುಜ ಒಬ್ಬರು ಹಿಡಿದು, ಒಂಟಿಕಾಲಲ್ಲಿ ಕುಣಿಯುತ್ತಾ, ಲೇಸು ಬಿಚ್ಚತೊಡಗಿದರು. ಅವರ ಹಿಂದೆ ಬಂದ ಒಂದು ಅರಬ್ ಕುಟುಂಬ ನಿಂತು ನೋಡಿ, ಮರ್ಯಾದೆಯ ಜಾಗವಿರಬೇಕೆಂದು ತಾನೂ ಸಲೀಸಾಗಿ ಚಪ್ಪಲಿ ಕಳಚಿತು. ಸಾಲು ಬಾಗಿಲವರೆಗೆ ಬೆಳೆಯಿತು. ನಮ್ಮೂರಿನ ಯಕ್ಷಗಾನದ ದಿನವೂ ಇಷ್ಟು ಅಚ್ಚುಕಟ್ಟಾಗಿ ಚಪ್ಪಲಿ ನಿಂತದ್ದನ್ನು ನಾನು ಕಂಡಿಲ್ಲ.

ನೇಪಾಳದ ಸೆಕ್ಯುರಿಟಿಯವನು ಓಡಿ ಬಂದ. "ಚಪ್ಪಲ್ ಪೆಹನಿಯೇ ಮಾತಾಜಿ, ಯಹಾಂ ಮನಾ ನಹೀ ಹೈ" ಎಂದು ಅಮ್ಮನಿಗೆ ಕೈ ಮುಗಿದ. ಚಪ್ಪಲಿ ಹಾಕಿಕೊಳ್ಳಿ, ಇಲ್ಲಿ ಅಡ್ಡಿಯಿಲ್ಲ ಎಂದು ಅವನು ಹೇಳಿದ್ದು, ಆದರೆ ಅಮ್ಮನಿಗೆ ಹಿಂದಿ ಬಾರದು. ಮುಗಿದ ಕೈ ಮಾತ್ರ ಕಂಡಿತು. ಅವಳೂ ಕೈ ಮುಗಿದು, "ದೇವರು ಒಳ್ಳೇದು ಮಾಡ್ಲಿ ಮಗಾ" ಎಂದಳು. ಇದನ್ನು ಕಂಡ ಯುರೋಪಿನ ಅಜ್ಜಂದಿರೂ ಅವನಿಗೆ ಕೈ ಮುಗಿದರು. ಅವನು ವಾಕಿಟಾಕಿಯಲ್ಲಿ ಏನು ವರದಿ ಮಾಡಬೇಕೆಂದು ತಿಳಿಯದೆ ಅದನ್ನು ಬಾಯಿಯವರೆಗೆ ತಂದು ಕೆಳಗಿಳಿಸಿದ. ಕಡೆಗೆ ಅಬಾಯಾ ಎಂಬ ಕಪ್ಪು ನಿಲುವಂಗಿ ಧರಿಸಿದ ಮಹಿಳಾ ಅಧಿಕಾರಿಯೊಬ್ಬರು ಬಂದು, ಶೂ ತೆಗೆಯಬೇಕೆಂದು ಯಾರು ಹೇಳಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರತಿಯೊಬ್ಬರೂ ತಮ್ಮ ಮುಂದಿನವರನ್ನು ತೋರಿಸಿದರು. ಬೆರಳುಗಳು ಹೀಗೆ ಸಾಗಿ ಬಂದು ಅಮ್ಮನ ಹತ್ತಿರ ನಿಂತವು. ನಾನು ಕಾರಣ ವಿವರಿಸಿದೆ. ಅವರು ಒಂದು ಕ್ಷಣ ಅಮ್ಮನ ಕಾಲು ನೋಡಿ, ಎದೆಯ ಮೇಲೆ ಕೈ ಇಟ್ಟು ನಕ್ಕರು. ಹಾಕಿಕೊಳ್ಳುವುದೂ ಬಿಡುವುದೂ ನಿಮ್ಮಿಷ್ಟ ಎಂದು ಹೇಳಿ ಹೋದರು. ಯಾರೂ ಹಾಕಿಕೊಳ್ಳಲಿಲ್ಲ. ಅಷ್ಟು ಕಷ್ಟಪಟ್ಟು ಲೇಸು ಬಿಚ್ಚಿದ್ದು ಸುಮ್ಮನೆಯೇ?

ಇಷ್ಟೆಲ್ಲ ನಡೆಯುವಾಗ ಶೂ ತೆಗೆಯದೆ ಅಂಚಿನಲ್ಲೇ ಉಳಿದವರು ಭಾವ ಒಬ್ಬರೇ. "ನನಗೆ ಇಲ್ಲಿಂದಲೇ ಕಾಣ್ತದೆ" ಎಂದರು. ಅಕ್ಕ ನನ್ನ ಕಿವಿಯಲ್ಲಿ, "ಎಡಗಾಲಿನ ಕಾಲುಚೀಲ ತೂತಾಗಿದೆ ಮಾರಾಯ. ಬೇರೆ ಹಾಕಿ ಅಂತ ಬೆಳಿಗ್ಗೆಯೇ ಹೇಳಿದ್ದೆ" ಎಂದಳು. ಶೂ ಹಾಕಿಕೊಂಡೇ ಬರಲು ಅಡ್ಡಿಯೇನೂ ಇರಲಿಲ್ಲ. ಆದರೆ ಹಜಾರಕ್ಕೆ ಹಜಾರವೇ ಬರಿಗಾಲಲ್ಲಿರುವಾಗ ಒಬ್ಬನೇ ಶೂ ಟಕಟಕ ಮಾಡುತ್ತಾ ನಡೆಯುವುದಕ್ಕೆ ಎದೆಗಾರಿಕೆ ಬೇಕು.

ಅವರನ್ನು ಸೋಲಿಸಿದ್ದು ಪ್ರಾಪ್ತಿ. ಗಾಜಿನ ನೆಲದ ನಡುವೆ ಒಂದು ಪೆಟ್ಟಿಗೆ, ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡ, ಸಮುದ್ರದ ಬಣ್ಣದ ಒಂದು ಬಾಟಲಿ. "ಪಪ್ಪಾ! ರೋಮನ್ ಗ್ಲಾಸ್! ಇಟ್ಸ್ ನಾಟ್ ಈವನ್ ಬ್ರೋಕನ್!"

ಇಪ್ಪತ್ತು ವರ್ಷ ಗಾಜಿನ ಜೊತೆಗೇ ಬದುಕಿದ ಮನುಷ್ಯ ಎಷ್ಟು ಹೊತ್ತು ತಡೆದಾನು? ಭಾವ ಆಚೀಚೆ ನೋಡಿ ಶೂ ಕಳಚಿ ಬೇಗ ಬೇಗ ಬಂದರು. ಬಾಟಲಿಯ ಮುಂದೆ ನಿಂತು, "ಎರಡು ಸಾವಿರ ವರ್ಷ. ಒಂಟೆ ಮೇಲೆ, ಹಡಗಿನ ಮೇಲೆ ಬಂದದ್ದು. ಒಂದು ಗೀರಿಲ್ಲ! ನಮ್ಮದಕ್ಕೆ ಹತ್ತು ವರ್ಷ ಗ್ಯಾರಂಟಿ ಕೊಡ್ಲಿಕ್ಕೇ ಕೈ ನಡುಗ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅವರ ಕಣ್ಣು ಕಾಲ ಕೆಳಗೆ ಇಳಿಯಿತು. ಬಾಗಿದರು. ಮಂಡಿಯೂರಿದರು. ಕೊನೆಗೆ ನೆಲದ ಮೇಲೆ ಉದ್ದಕ್ಕೆ ಮಲಗಿ, ಕೆನ್ನೆಯನ್ನು ಗಾಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಅದರ ದಪ್ಪ ಅಳೆಯತೊಡಗಿದರು. ಗೆಣ್ಣಿನಿಂದ ಕುಟ್ಟಿ ಶಬ್ದ ಕೇಳಿದರು. ಅವರೂ ಏನೋ ಪೂಜೆ ಮಾಡುತ್ತಿದ್ದಾರೆಂದುಕೊಂಡು ಯುರೋಪಿನ ಅಜ್ಜಿಯೊಬ್ಬರು ಸದ್ದಿಲ್ಲದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಕೆಳಗಿನ ದೀಪದ ಬೆಳಕು ನೇರ ಭಾವನ ಎಡಗಾಲಿಗೆ ಬೀಳುತ್ತಿತ್ತು. ಕಪ್ಪು ಕಾಲುಚೀಲದ ತುದಿಯಿಂದ ಹೆಬ್ಬೆರಳು ಪೂರ್ತಿ ಹೊರಬಂದು, ಅದೂ ಒಂದು ಪ್ರದರ್ಶನದ ವಸ್ತುವಿನ ಹಾಗೆ ಹೊಳೆಯುತ್ತಿತ್ತು. ಅಮ್ಮ ಅದನ್ನೇ ನೋಡುತ್ತಾ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ.

"ಇಕೊಳ್ಳಿ," ಎಂದಳು, "ನಿಮ್ಮ ಬೆರಳು ಹೊರಗೆ ಬಂದಿದೆ."

ನಾನು ಅಭ್ಯಾಸಬಲದಿಂದ ಭಾವನ ಕಡೆ ತಿರುಗಿ, "ಭಾವ, ಅಮ್ಮ ಹೇಳುವುದು..." ಎಂದು ಶುರುಮಾಡಿದೆ. ಆಮೇಲೆ ಹೊಳೆಯಿತು. ಅಮ್ಮ ನನಗೆ ಹೇಳಿದ್ದಲ್ಲ.

ಭಾವ ಮಲಗಿದಲ್ಲಿಂದಲೇ ತಲೆ ಎತ್ತಿದರು. ಕೆಂಪಾದ ಮುಖದಲ್ಲಿ ನಗು ಬಂತು. "ಹೌದು ಅತ್ತೆ. ಶಶಿ ಹೇಳಿದ್ಲು, ನಾನು ಕೇಳ್ಲಿಲ್ಲ" ಎಂದರು. ಎದ್ದು ಕೂತು, ಗಾಜಿನ ಮೇಲೆ ಅಂಗೈ ಊರಿ, "ಅತ್ತೆ, ಇದು ಪದರ ಪದರ ಅಂಟಿಸಿದ ಗಾಜು. ಆನೆ ನಿಂತರೂ ಒಡೆಯುವುದಿಲ್ಲ. ನಮ್ಮ ಬಾವಿಯ ಮೇಲೂ ಹೀಗೇ ಹಾಕುವನಾ? ಒಳಗೆ ಲೈಟ್ ಕೊಡುವ. ಹಾಲ್‌ನಲ್ಲಿ ಕೂತವರಿಗೆ ನೀರು ಕಾಣ್ತದೆ. ನಮ್ಮ ಮನೆಯೊಳಗೆ ಹೇಗೂ ಯಾರೂ ಚಪ್ಪಲಿ ಹಾಕುವುದಿಲ್ಲ" ಎಂದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಆದರೆ ಅಮ್ಮ ಗಾಜಿನ ಕೆಳಗಿನ ಒಣ ಕಾಲುವೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಿದ್ದಳು.

"ಇದರಲ್ಲಿ ನೀರೆಲ್ಲಿ?" ಎಂದು ಕೇಳಿದಳು.

"ಇಟ್ ಡ್ರೈಡ್ ಅಪ್ ಲಾಂಗ್ ಎಗೋ, ಅಜ್ಜಿ" ಎಂದಳು ಪ್ರಾಪ್ತಿ. ಬತ್ತಿ ಎಷ್ಟೋ ಕಾಲವಾಯಿತಂತೆ ಎಂದು ಅಕ್ಕ ಅಮ್ಮನಿಗೆ ತಿಳಿಸಿದಳು.

"ಹಾಗೆ ಹೇಳು. ನೀರು ಹೋದ ಮೇಲೆ ಇವರು ಗಾಜು ಹಾಕಿದ್ದು. ಒಳ್ಳೇದು ಮಾಡಿದ್ರು, ಪಾಪ, ಉಳಿಸಿದ್ರು." ಅಮ್ಮ ಭಾವನ ಕಡೆ ತಿರುಗಿದಳು. "ನಮ್ಮದರಲ್ಲಿ ನೀರುಂಟು. ನೀರಿರುವುದಕ್ಕೆ ಗಾಜು ಎಂತಕ್ಕೆ? ಹಗ್ಗ ಬೇಕು. ಗಾಜು ಹಾಕಿದ್ರೆ ನಾನು ಕೊಡಪಾನ ಎಲ್ಲಿಂದ ಇಳಿಸುವುದು?"

ಪಾರ್ಕಿಂಗ್

ಭಾವ ಶೂ ಹಾಕಿಕೊಂಡು ನಮ್ಮೆಲ್ಲರಿಗಿಂತ ಮುಂದಾಗಿ ಮ್ಯೂಸಿಯಮ್ಮಿನಿಂದ ಹೊರಗೆ ನಡೆದರು. ಪುನಃ ಕೆಟ್ಟಿತು ಎಂದು ನಾನು ಹೆದರಿದೆ. ಕಾರಿನ ಹತ್ತಿರ ಬಂದು ನಿಂತರು. ದಾರಿಯ ಮರಳೆಲ್ಲ ಹಿಂದಿನ ಗಾಜಿನ ಮೇಲೆ ತೆಳ್ಳಗೆ ಕೂತಿತ್ತು. ಅದರ ಮೇಲೆ ಬೆರಳಿನಿಂದ ಒಂದು ಚೌಕ ಎಳೆದರು, ನಡುವೆ ಒಂದು ಸೊನ್ನೆ.

"ಇದು ಹಾಲ್ ಅತ್ತೆ, ಇದು ಬಾವಿ. ಗಾಜಿಗೆ ಬಿಜಾಗರಿ ಇಟ್ಟರೆ ಒಂದು ಬದಿ ಎತ್ತಬಹುದು."

"ಹಾಲ್‌ನಲ್ಲಿ ನೀರು ಸೇದಿದ್ರೆ ನೆಲ ಒದ್ದೆ. ಬಂದ ನೆಂಟರು ಜಾರಿ ಬೀಳ್ತಾರೆ." ಅಮ್ಮ ತನ್ನ ಬೆರಳಿನಿಂದ ಚೌಕದ ಒಂದು ಗೆರೆ ಅಳಿಸಿದಳು. "ಈ ಗೋಡೆ ಈಚೆ ಬರ್ಲಿ. ಬಾವಿ ಅಡಿಗೆಕೋಣೆಯ ಹೊರಗೆ ಉಳೀತದೆ."

"ಆಗ ಹಾಲ್ ಸಣ್ಣದಾಗ್ತದೆ!"

"ಎಷ್ಟು ಜನ ಇದ್ದೀರಿ ನೀವು? ಮೂರು ಜನ. ಹಾಲ್‌ನಲ್ಲಿ ಆಟದ ಮೈದಾನ ಮಾಡ್ಲಿಕ್ಕುಂಟಾ?"

"ಅಮ್ಮ ಹೇಳುವುದೇನೆಂದರೆ ಭಾವ..." ಎಂದು ನಾನು ಬಾಯಿ ಹಾಕಿದೆ.

"ನೀನು ಸುಮ್ಮನಿರು" ಎಂದರು ಇಬ್ಬರೂ ಒಟ್ಟಿಗೆ.

ಅಷ್ಟು ಸುಖದ ಬೈಗಳನ್ನು ನಾನು ಈವರೆಗೆ ತಿಂದಿಲ್ಲ. ಹಿಂದಿನ ಸೀಟಿಗೆ ಹೋಗಿ ಕೂತೆ. ಗಾಜಿನ ಆಚೆ ಎರಡು ಬೆರಳುಗಳು ಗೋಡೆ ಎಳೆಯುತ್ತಾ ಅಳಿಸುತ್ತಾ ಇದ್ದವು. ಪಾಯದ ನಕ್ಷೆ ತಿರುಗುಮುರುಗಾಗಿ ಕಾಣುತ್ತಿತ್ತು. ಭಾವ ಕೊನೆಗೂ, "ಯಲ್ಲಾ, ಹಾಲ್ ಸರಿಸುವ" ಎಂದದ್ದು 'ನಡೆಯಿರಿ, ಆಗಲಿ' ಎನ್ನುವ ಆ ಊರಿನ ಧಾಟಿಯಲ್ಲಿಯೇ ಕೇಳಿಸಿತು. ದಾರಿಯುದ್ದಕ್ಕೂ ಅವರಿಬ್ಬರೂ ರಾಟೆಯ ವಿಷಯ ಜಗಳವಾಡಿದರು. ಅಮ್ಮನಿಗೆ ಮರದ್ದೇ ಆಗಬೇಕು, ಭಾವನಿಗೆ ಸ್ಟೀಲಿನದು. ಕಾರು ಟಿಂಗ್ ಟಿಂಗ್ ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ. ನಾನು ಹಾಯಾಗಿ ನಿದ್ದೆ ಹೋದೆ.

ಪಡುಬಿದ್ರಿ

ಊರಿಗೆ ಬಂದ ಮೇಲೆ ಮೇಸ್ತ್ರಿಯೂ ಬಂದ. ಹಾಲ್ ಸರಿಯಿತು, ಬಾವಿಯ ಮಣ್ಣೆಲ್ಲ ತೆಗೆದು ಕಟ್ಟೆ ಕಟ್ಟಿದೆವು. ನೀರು ತಿಳಿಯಾದ ದಿನ ಅಮ್ಮ ಮೊದಲ ಕೊಡಪಾನ ಸೇದಿದಳು. ರಾಟೆ ಮರದ್ದು, ಆದರೆ ಸ್ಟೀಲಿನದು ಎಂದು ಭಾವನಿಗೆ ಹೇಳಿದ್ದೇವೆ. ಆ ನೀರನ್ನು ಕುದಿಸಿ, ಒಂದು ಸಣ್ಣ ಗಾಜಿನ ಬಾಟಲಿಗೆ ತುಂಬಿಸಿ, ಶಾರ್ಜಾಕ್ಕೆ ಹೊರಟಿದ್ದ ಪಕ್ಕದ ಮನೆಯವರ ಚೀಲದಲ್ಲಿ ಹಪ್ಪಳದ ಜೊತೆ ಕಳಿಸಿದಳು.

ಬಾಟಲಿ ಸಿಕ್ಕಿದ ಮರುದಿನ ಅಕ್ಕ ಫೋನ್ ಮಾಡಿದಾಗ, ಭಾವ ಅದನ್ನು ಶೋಕೇಸಿನಲ್ಲಿ ಇಟ್ಟಿದ್ದಾರೆ, ಹಿಂದೆ ಲೈಟೂ ಹಾಕಿದ್ದಾರೆ, ಮ್ಯೂಸಿಯಮ್ಮಿನಲ್ಲಿದ್ದ ಹಾಗೆಯೇ ಕಾಣುತ್ತದೆ ಎಂದಳು. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ವೀಡಿಯೊ ಹಾಕ್ಲಿಕ್ಕೆ ಹೇಳು ಅವರಿಗೆ" ಎಂದವಳು, ತಾನೇ ತಿದ್ದಿಕೊಂಡು, "ಎಲ್ಲಿದ್ದೀರಿ? ವೀಡಿಯೊ ಹಾಕಿ" ಎಂದಳು.

ಭಾವ ತೆರೆಯ ಮೇಲೆ ಬಂದರು.

"ಅದು ನೋಡ್ಲಿಕ್ಕೆ ಕಳಿಸಿದ್ದಲ್ಲ. ಕುಡೀಲಿಕ್ಕೆ. ಕುಡಿಯಿರಿ."

"ಈಗಲಾ ಅತ್ತೆ?"

"ಈಗ. ನಾನು ನೋಡ್ಬೇಕು."

ಅವರು ಶೋಕೇಸಿನ ಬಾಗಿಲು ಸರಿಸಿ, ಬಾಟಲಿ ತೆಗೆದು, ಮುಚ್ಚಳ ಬಿಚ್ಚಿದರು. ನಿಂತುಕೊಂಡೇ ಪೂರ್ತಿ ಕುಡಿದರು. ಬಾಯಿ ಒರಸಿಕೊಂಡರು. ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ನೆಟ್‌ವರ್ಕ್ ಹೋಯಿತೇನೋ ಎಂದು ನಾನು ಫೋನ್ ಅಲ್ಲಾಡಿಸಿದೆ.

"ಎಂತ, ಹೇಗುಂಟು?" ಎಂದು ಅಮ್ಮ ಕೇಳಿದಳು.

"ಉಪ್ಪಿಲ್ಲ ಅತ್ತೆ" ಎಂದರು ಭಾವ.